ಫೀನಾ ಏರಿಸಿಕೊಟ್ಟ ಕುಣಿಕೆಗಳು

ನನ್ನ ಹೊಟ್ಟೆಕಿಚ್ಚಿಗೆ ನನ್ನ ಗಂಡನ ಬಲಗೈಯೇ ಹೋಗಬೇಕಿತ್ತು, ಎರಡು ಬೆರಳಿನ ಮೂಳೆಗೆ ಮುಗಿಯಿತು. ಇದನ್ನು ನಾನೇ ಹೇಳಿಬಿಡುವುದು ವಾಸಿ. ನಮ್ಮ ಸ್ಪ್ಲಿಟ್ ಕೋವ್‌ನಲ್ಲಿ ಇರುವುದು ಮೂವತ್ತೊಂದು ಮನೆ. ನಾನು ಹೇಳದಿದ್ದರೆ ಉಳಿದ ಮೂವತ್ತು ಮನೆಯವರು ಮೂವತ್ತು ಥರ ಹೇಳುತ್ತಾರೆ.

ನಾನು ಡಾರ್ಕಸ್ ಪಾರ್ಡಿ. ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಈ ತೀರದಲ್ಲಿ ಉಣ್ಣೆ ಹೆಣಿಗೆಯ ಮಾತು ಬಂದರೆ ಮೊದಲು ಬರುವ ಹೆಸರು ನನ್ನದು. ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಬೇರೆಯವರು ಕೈಗವಸಿನ ಹೆಬ್ಬೆರಳು ಮುಗಿಸುವಷ್ಟರಲ್ಲಿ ನಾನು ಜೊತೆ ಮುಗಿಸಿ ಚಹಾಕ್ಕೆ ನೀರಿಟ್ಟಿರುತ್ತೇನೆ. ಪಟ್ಟಣದಲ್ಲಿ ಸೆಪ್ಟೆಂಬರ್‌ನಲ್ಲಿ ಕೈಕೆಲಸದ ಪ್ರದರ್ಶನ ನಡೆಯುತ್ತದೆ. ಅಲ್ಲಿಂದ ಹದಿನಾಲ್ಕು ಸಲ ಮೊದಲ ಬಹುಮಾನದ ಕೆಂಪು ರಿಬ್ಬನ್ನು ತಂದಿದ್ದೇನೆ. ಎಲ್ಲವನ್ನೂ ಅಡುಗೆಮನೆಯ ಕನ್ನಡಿಯ ಸುತ್ತ ಸಿಕ್ಕಿಸಿದ್ದೇನೆ. ಮನೆಗೆ ಬಂದವರು ಮುಖ ನೋಡಿಕೊಳ್ಳಲು ಹೋದರೆ ನನ್ನ ರಿಬ್ಬನ್ನು ನೋಡಿಯೇ ತೀರಬೇಕು.

ಆದರೆ ನನಗೆ ಕುಣಿಕೆ ಏರಿಸಲು ಬರುತ್ತಿರಲಿಲ್ಲ.

ಹೆಣಿಗೆ ಗೊತ್ತಿದ್ದವರು ಇದನ್ನು ನಂಬುವುದಿಲ್ಲ. ಬರಿಗಡ್ಡಿಯ ಮೇಲೆ ಮೊದಲ ಸಾಲು ಕುಣಿಕೆ ಏರಿಸಿಕೊಳ್ಳುವುದು ಹೆಣಿಗೆಯ ಓನಾಮ. ಅದು ಬಾರದವಳು ಮುಂದಿನದನ್ನೆಲ್ಲ ಹೇಗೆ ಕಲಿತಳು ಎಂದು ಕೇಳುತ್ತೀರಿ. ಸರಿಯಾಗಿ ಹೇಳಬೇಕೆಂದರೆ ಏರಿಸಲು ಬರುತ್ತಿತ್ತು, ಸಡಿಲವಾಗಿ ಏರಿಸಲು ಬರುತ್ತಿರಲಿಲ್ಲ. ನನ್ನದು ಬಿಗಿ ಕೈ. ಹೆಣಿಗೆಯ ಮೈಗೆ ಬಿಗಿ ಕೈ ಒಳ್ಳೆಯದು, ಗಾಳಿ ನುಗ್ಗುವುದಿಲ್ಲ. ಅಂಚಿಗೆ ಮಾತ್ರ ಅದು ಶನಿ. ಹನ್ನೊಂದನೆಯ ವಯಸ್ಸಿನಲ್ಲಿ ಅಪ್ಪನಿಗೆ ಒಂದು ಜೊತೆ ಕಾಲುಚೀಲ ಹೆಣೆದುಕೊಟ್ಟೆ. ಅದರ ಬಾಯಿ ಹಿಮ್ಮಡಿ ದಾಟಲಿಲ್ಲ. ಅಪ್ಪ ಅದನ್ನು ಎರಡು ಬೆರಳಿಗೆ ಸಿಕ್ಕಿಸಿಕೊಂಡು ದೋಣಿಕಟ್ಟೆಯ ಈ ತುದಿಯಿಂದ ಆ ತುದಿಗೆ ಹೋದ.

"ನೋಡ್ರಪ್ಪಾ, ನನ್ ಮಗಳು ಬಾಟ್ಲಿಗೆ ಕಾಲ್ಚೀಲ ಹೆಣ್ದವ್ಳೆ."

ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಲೆ ಇಡುವ ಅಟ್ಟ ಹತ್ತಿ ಕೂತು ಅತ್ತೆ. ಆಗ ನನ್ನ ಹಿಂದೆ ಬಂದವಳು ಪಕ್ಕದ ಮನೆಯ ಟ್ರೈಫೀನಾ, ನಮ್ಮೆಲ್ಲರ ಬಾಯಲ್ಲಿ ಫೀನಾ. ನನ್ನದೇ ವಯಸ್ಸು. ಹೆಣಿಗೆಯಲ್ಲಿ ಆಮೆ, ಆದರೆ ಕೈ ಮಾತ್ರ ಸಡಿಲ. ಮರುದಿನ ಮೂರು ಕಡ್ಡಿಗೆ ಕುಣಿಕೆ ಏರಿಸಿ ತಂದು ನನ್ನ ಮಡಿಲಿಗೆ ಹಾಕಿದಳು.

"ತಗೋ. ಇದು ನಂದು, ಮಿಕ್ಕಿದ್ದು ನಿಂದು. ಯಾರ್ಗೂ ಹೇಳಲ್ಲ."

ಆವತ್ತಿನಿಂದ ನಲವತ್ತೈದು ವರ್ಷ ಅವಳು ಯಾರಿಗೂ ಹೇಳಲಿಲ್ಲ. ನನಗೆ ಗಿಡಿಯನ್‌ನ ಜೊತೆ ಮದುವೆಯಾಯಿತು. ಫೀನಾ ಮದುವೆಯಾಗಲಿಲ್ಲ, ಅಣ್ಣ ಸೈಲಸ್‌ನ ಮನೆ ನೋಡಿಕೊಂಡು ಉಳಿದಳು. ಸೈಲಸ್ ದಿನಕ್ಕೆ ಆರು ಮಾತಾಡುವ ಮನುಷ್ಯ, ಅದರಲ್ಲಿ ನಾಲ್ಕು ಬೆಕ್ಕಿಗೆ. ಸೋಮವಾರ ಬೆಳಿಗ್ಗೆ ಗಂಡಸರು ದೋಣಿ ನೂಕಿದ ಮೇಲೆ ಫೀನಾ ನಮ್ಮ ಹಿಂಬಾಗಿಲಿಗೆ ಬರುತ್ತಿದ್ದಳು. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ. ಅದರೊಳಗೆ ವಾರಕ್ಕಾಗುವಷ್ಟು ಕಡ್ಡಿಗಳು, ಕುಣಿಕೆ ಜಾರದಂತೆ ತುದಿಗೆ ಬಿರಡೆ ಚುಚ್ಚಿರುತ್ತಿದ್ದಳು. ನಾವು ಚಹಾ ಕುಡಿದು ಊರವರನ್ನೆಲ್ಲ ಒಂದು ಸುತ್ತು ಆಡಿಕೊಂಡು, ಮಧ್ಯಾಹ್ನಕ್ಕೆ ಅವಳು ಹೊರಡುತ್ತಿದ್ದಳು.

ಪ್ರದರ್ಶನದ ತೀರ್ಪುಗಾರರು ಏನು ಹೊಗಳುತ್ತಿದ್ದರು ಗೊತ್ತೇ? ಅಂಚನ್ನು. "ಮಿಸೆಸ್ ಪಾರ್ಡಿ, ಈ ಅಂಚು ಎಷ್ಟು ಮೃದುವಾಗಿದೆ, ಕೈಯಿಟ್ಟರೆ ತಾನಾಗಿ ತೆರೆದುಕೊಳ್ಳುತ್ತದೆ." ಮೀನು ಹಿಡಿಯುವವನ ಕೈಗವಸಿಗೆ ಅದೇ ಪ್ರಾಣ. ಉದ್ದ ಗಾಳದ ಹಗ್ಗ ನೀರಿಗೆ ಓಡುವಾಗ ಅದರ ನೂರಾರು ಕೊಕ್ಕೆಗಳಲ್ಲಿ ಒಂದು ಕೈಗವಸಿಗೆ ಸಿಕ್ಕಿಕೊಳ್ಳುವುದುಂಟು. ಬಾಯಿ ಸಡಿಲವಿದ್ದರೆ ಕೈಗವಸು ಕಳಚಿಕೊಂಡು ಸಮುದ್ರಕ್ಕೆ ಹೋಗುತ್ತದೆ, ಕೈ ದೋಣಿಯಲ್ಲಿ ಉಳಿಯುತ್ತದೆ. ತೀರ್ಪುಗಾರರು ಹೊಗಳಿದಾಗ ನಾನು "ಥ್ಯಾಂಕ್ಸ್" ಎನ್ನುತ್ತಿದ್ದೆ. ಫೀನಾ ಪಕ್ಕದಲ್ಲೇ ನಿಂತು ನನ್ನ ಕೋಟು ಹಿಡಿದುಕೊಂಡಿರುತ್ತಿದ್ದಳು.

ಆ ವರ್ಷ ಶರತ್ಕಾಲದಲ್ಲಿ ಚರ್ಚಿನ ಹೆಂಗಸರ ಸಂಘದಲ್ಲಿ ಒಂದು ಮಾತು ಬಂತು. ಹೊಸ ಹುಡುಗಿಯರಿಗೆ ಹೆಣಿಗೆ ಬರುವುದಿಲ್ಲ, ಮಂಗಳವಾರ ಸಂಜೆ ಚರ್ಚಿನ ಹಾಲ್‌ನಲ್ಲಿ ಒಂದು ತರಗತಿ ಮಾಡೋಣ, ಕುಣಿಕೆ ಏರಿಸುವುದರಿಂದ ಶುರು ಮಾಡೋಣ ಎಂದರು. ಎಲ್ಲರ ಕಣ್ಣು ನನ್ನ ಕಡೆ ತಿರುಗಿತು. ನನ್ನ ಕಿವಿ ಕಾದುಹೋಯಿತು.

"ನಂಗೆ ಪುರ್ಸೊತ್ತಿಲ್ಲ," ಎಂದೆ. "ಕಡ್ಡಿ ಯಾವ ಕಡೆ ಚೂಪು ಅಂತ ಹೇಳ್ಕೊಡೋಕೆಲ್ಲ ನನ್ನ ಕರೀಬೇಡಿ."

ಆಗ ಹಿಂದಿನ ಬೆಂಚಿನಿಂದ ಫೀನಾ ಕೈಯೆತ್ತಿ ಮೆಲ್ಲಗೆ ಹೇಳಿದಳು: "ನಾನ್ ಹೇಳ್ಕೊಡ್ಲಾ?"

ಎಲ್ಲರೂ ಹಿಂದಿನ ಬೆಂಚಿನ ಕಡೆ ತಿರುಗಿದರು. ಚಳಿಗಾಲಕ್ಕೆ ಒಂದು ಜೊತೆ ಕಾಲುಚೀಲ ಮುಗಿಸಲು ಒದ್ದಾಡುವವಳು ಟೀಚರಾಗುತ್ತಾಳಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಫೀನಾನಾ? ಅವಳ ಕಾಲ್ಚೀಲ ಮುಗಿಯೋ ಹೊತ್ತಿಗೆ ಹಾಕ್ಕೊಳ್ಳೋನು ಮಣ್ಣಲ್ಲಿರ್ತಾನೆ."

ಎಲ್ಲರೂ ಗೊಳ್ಳೆಂದು ನಕ್ಕರು. ಫೀನಾ ಕೂಡ ನಕ್ಕಳು, ಆದರೆ ಎತ್ತಿದ ಕೈ ಇಳಿಸಲಿಲ್ಲ. ಬೇರೆ ಯಾರೂ ಮುಂದೆ ಬರಲಿಲ್ಲ, ಕೆಲಸ ಅವಳಿಗೇ ಆಯಿತು.

ಮೊದಲ ಮಂಗಳವಾರ ಆರು ಜನ ಬಂದರು, ಎರಡನೆಯ ವಾರ ಹನ್ನೊಂದು. ಅವರಲ್ಲಿ ಒಬ್ಬಳು ನರ್ಸ್ ಲೋರ್ನಾ. ಬೇಸಿಗೆಯಲ್ಲಿ ಟೊರಾಂಟೊ ಕಡೆಯಿಂದ ನಮ್ಮ ಕ್ಲಿನಿಕ್ಕಿಗೆ ಬಂದವಳು, ಇಪ್ಪತ್ತಾರರ ಪ್ರಾಯ, ನಕ್ಕರೆ ಒಸಡು ಕಾಣುವಷ್ಟು ನಗು. ಹೊರಗಿನಿಂದ ಬಂದವರು ನಮ್ಮಲ್ಲಿ ಮೂರು ಚಳಿಗಾಲ ಕಳೆಯುವವರೆಗೆ ಯಾರೂ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಫೀನಾ ಮೂರು ವಾರ ಕೂಡ ಕಾಯಲಿಲ್ಲ.

"ಲೋರ್ನಾ ಕೈ ನೋಡ್ಬೇಕು ಕಣೇ ಡಾರ್ಕಸ್," ಎಂದಳು ಸೋಮವಾರ, ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಚಹಾ ಕುಡಿಯುತ್ತ. "ಒಂದೇ ಸಲಕ್ಕೆ ಹಿಡ್ಕೊಂಬಿಟ್ಳು. ಎಳೀಬೇಡ, ಕೂರ್ಸು ಅಂದೆ. ಅಷ್ಟೇ. ಹೂವಿನ ಮೇಲೆ ಚಿಟ್ಟೆ ಕೂತಂಗೆ ಕೂರಿಸ್ತಾಳೆ."

"ಓಹೋ."

"ಚಹಾಕ್ಕೆ ನಮ್ಮನೇಗೂ ಬಂದಿದ್ಳು. ಸೈಲಸ್ ಅವಳ ಹತ್ರ ಹದಿನೆಂಟು ಮಾತಾಡ್ದ."

"ಎಣ್ಸಿದ್ಯೇನೇ?"

"ಎಣ್ಸ್ದೆ ಮತ್ತೆ."

ನಾನು ಒಲೆಗೆ ಸೌದೆ ತುರುಕಿದೆ, ಬೇಕಾಗಿದ್ದಕ್ಕಿಂತ ಎರಡು ತುಂಡು ಹೆಚ್ಚೇ. ನನ್ನ ಹತ್ತಿರ ಫೀನಾ ಎಂದೂ ಹಾಗೆ ಮಾತಾಡಿದ್ದಿಲ್ಲ. ಅಷ್ಟು ವರ್ಷ ಆಡುವವಳು ನಾನು, ಹೂಂಗುಟ್ಟುವವಳು ಅವಳು. ಈಗ ಕೂದಲಿಗೆ ಹೊಸ ಪಿನ್ನು ಬೇರೆ ಹಾಕಿಕೊಂಡಿದ್ದಳು.

ಮುಂದಿನ ಮಂಗಳವಾರ ನಾನು ಹಾಲ್‌ನ ಹಿಂದಿನ ದಾರಿಯಲ್ಲಿ ಹೋದೆ. ಅಂಗಡಿಗೆ ಅದು ದಾರಿಯೇ ಅಲ್ಲ. ಕಿಟಕಿಯಲ್ಲಿ ಇಣುಕಿದೆ. ಲೋರ್ನಾ ಕುರ್ಚಿಯಲ್ಲಿದ್ದಳು. ಫೀನಾ ಅವಳ ಬೆನ್ನ ಹಿಂದೆ ನಿಂತು, ಎರಡೂ ತೋಳು ಅವಳ ಸುತ್ತ ಚಾಚಿ, ಅವಳ ಕೈ ಮೇಲೆ ತನ್ನ ಕೈಯಿಟ್ಟುಕೊಂಡು ಏನೋ ತೋರಿಸುತ್ತಿದ್ದಳು. ಇಬ್ಬರ ಕೆನ್ನೆಯೂ ಹತ್ತಿರ ಹತ್ತಿರ. ಏನೋ ಹೇಳಿದಳು, ಲೋರ್ನಾ ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು. ನನ್ನ ಕೈ ಮೇಲೆ ಫೀನಾ ಒಂದು ದಿನವಾದರೂ ಹಾಗೆ ಕೈಯಿಟ್ಟಿದ್ದಳೇ? ನನಗೆ ಡಬ್ಬಿ, ಆ ಬೀದಿಯಲ್ಲಿ ಹೋಗುವವಳಿಗೆ ಕೈ. ಕೈಯಿಟ್ಟು ಕಲಿಸು ಎಂದು ನಾನೇ ಯಾವತ್ತೂ ಕೇಳಿರಲಿಲ್ಲ ಎನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ. ಉರಿಯುವಾಗ ಯಾರಿಗೆ ತಾನೇ ಹೊಳೆಯುತ್ತದೆ?

ಅದರ ಮುಂದಿನ ಸೋಮವಾರ ಹಿಂಬಾಗಿಲು ಬಡಿದ ಸದ್ದಾಯಿತು. ನಮ್ಮಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ, ತಳ್ಳಿಕೊಂಡು ಬರುತ್ತಾರೆ. ತೆರೆದರೆ ನರ್ಸ್ ಲೋರ್ನಾ, ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ.

"ಡಾರ್ಕಸ್ ಅತ್ತೆ, ಫೀನಾ ಅತ್ತೆಗೆ ನೆಗಡಿ, ಜ್ವರ. ಹೊರಗೆ ಕಾಲಿಡ್ಬೇಡಿ ಅಂತ ನಾನೇ ಅಂದೆ. ಇದನ್ನ ನಿಮ್ಗೆ ಕೊಡ್ಬೇಕಂತೆ."

"ಏನಿದೆ ಇದ್ರಲ್ಲಿ?"

"ನಾನ್ ತೆಗೆದು ನೋಡಿಲ್ಲ ಅತ್ತೆ," ಎಂದಳು. ಆದರೆ ಮುಖ ಕೆಂಪಾಯಿತು. ಸುಳ್ಳು ಹೇಳಲು ಬಾರದ ಮುಖ.

ಡಬ್ಬಿ ಕಿತ್ತುಕೊಂಡು ಬಾಗಿಲು ಹಾಕಿದೆ. ಕುಡಿಯಲು ಒಂದು ಲೋಟ ನೀರು ಬೇಕೇ ಎಂದೂ ಕೇಳಲಿಲ್ಲ. ಮುಚ್ಚಳ ತೆಗೆದರೆ ಎಂಟು ಜೊತೆಗೆ ಸಾಲುವ ಕುಣಿಕೆಗಳು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ದೊಡ್ಡದು, ಒಂದು ಚಿಕ್ಕದು. ಅಲ್ಲಲ್ಲಿ ನೂಲು ಸಡಿಲಬಿದ್ದಿತ್ತು. ಇದು ಫೀನಾಳ ಕೈ ಅಲ್ಲ ಎಂದು ಕಣ್ಣುಮುಚ್ಚಿ ಹೇಳಬಲ್ಲೆ ಎಂದುಕೊಂಡೆ. ಅರ್ಥವಾಯಿತು. ಶಿಷ್ಯೆಗೆ ಅಭ್ಯಾಸವಾಗಲಿ ಎಂದು ನನ್ನ ಕುಣಿಕೆಗಳನ್ನು ಅವಳ ಕೈಲಿ ಏರಿಸಿದ್ದಾಳೆ. ಅಂದರೆ ನನ್ನ ಗುಟ್ಟನ್ನೂ ಅವಳ ಮುಂದೆ ಬಿಚ್ಚಿದ್ದಾಳೆ. ನಲವತ್ತೈದು ವರ್ಷ ಬಾಯಿ ಬಿಡದವಳು ಒಂದು ತಿಂಗಳ ಪರಿಚಯಕ್ಕೆ ಬಾಯಿ ಬಿಟ್ಟಳು.

ಒಂದೊಂದೇ ಕಡ್ಡಿ ಎಳೆದೆ. ಎಳೆದ ಹಾಗೆ ಕುಣಿಕೆಗಳು ಸರಸರನೆ ಬಿಚ್ಚಿಕೊಂಡವು. ಬರಿಗಡ್ಡಿಗಳನ್ನೂ ಬಿರಡೆಗಳನ್ನೂ ಡಬ್ಬಿಗೆ ಹಾಕಿ, ಮೇಲೆ ಸಿಕ್ಕುಸಿಕ್ಕಾದ ನೂಲು ತುರುಕಿ, ಸಂಜೆ ಸೈಲಸ್ ಮೀನುಕಟ್ಟೆಯಿಂದ ಬರುವಾಗ ಅವನ ಕೈಗೆ ಕೊಟ್ಟೆ.

"ನಿನ್ ತಂಗಿಗೆ ಕೊಡು."

"ಏನಂತ ಹೇಳ್ಲಿ?" ಅವನ ದಿನದ ಮಾತುಗಳಲ್ಲಿ ಎರಡು ನನಗೆ ಖರ್ಚಾದವು.

"ಏನೂ ಹೇಳ್ಬೇಡ."

ಆ ಮನುಷ್ಯನಿಗೆ ಏನೂ ಹೇಳಬೇಡ ಎನ್ನುವುದು ಮೀನಿಗೆ ಈಜು ಎಂದ ಹಾಗೆ. ಫೀನಾ ಬರಲಿಲ್ಲ. ಜ್ವರ ಬಿಟ್ಟ ಮೇಲೂ ಬರಲಿಲ್ಲ. ಮೂರು ಸೋಮವಾರ ನಾನು ಎರಡು ಕಪ್ಪು ಇಟ್ಟುಕೊಂಡು ಕಾದೆ, ಬರಲಿ, ಮುಖಕ್ಕೆ ಹೊಡೆದ ಹಾಗೆ ಕೇಳಿಬಿಡುತ್ತೇನೆ ಎಂದು. ಮೂರೂ ಸಲ ಒಂದು ಕಪ್ಪು ಹಾಗೇ ತೊಳೆದಿಟ್ಟೆ. ಮಂಗಳವಾರ ಮಾತ್ರ ಅವಳು ನಮ್ಮ ಮನೆಯ ಮುಂದಿನಿಂದಲೇ ಹಾಲ್‌ಗೆ ಹೋಗುತ್ತಿದ್ದಳು, ಲೋರ್ನಾಳ ತೋಳು ಹಿಡಿದುಕೊಂಡು. ನೆಲ ಜಾರುತ್ತದೆ ಎಂದು ನೆಪ.

ನನ್ನ ಕೈ ಬರಿದಾಗಿತ್ತು. ಹೆಣೆಯುವವಳ ಕೈ ಬರಿದಾದರೆ ಬಾಯಿ ಕೆಡುತ್ತದೆ. ಗಿಡಿಯನ್ ಉಂಡರೆ ತಪ್ಪು, ಉಣ್ಣದಿದ್ದರೆ ತಪ್ಪು. ಒಂದು ರಾತ್ರಿ ಅವನು ತನ್ನ ಕೈಗವಸು ಎತ್ತಿ ತೋರಿಸಿದ. ಅಂಗೈಯಲ್ಲಿ ತೂತು, ಅದರೊಳಗಿಂದ ನನ್ನ ಕಡೆ ಕಣ್ಣು ಹಾಕಿದ.

"ಇದ್ರಲ್ಲಿ ನಿನ್ ಮುಖಾನೂ ಕಾಣ್ಸುತ್ತೆ, ಹವಾಮಾನಾನೂ ಕಾಣ್ಸುತ್ತೆ. ಎರಡೂ ಒಂದೇ ಥರ ಇವೆ."

"ಹೆಣ್ದು ಕೊಡ್ತೀನಿ."

"ಫೀನಾ ಬರ್ತಿಲ್ಲ ಯಾಕೆ?"

"ನಿನ್ ಕೈಗವಸಿಗೂ ಫೀನಾಗೂ ಏನ್ ಸಂಬಂಧ?"

ಅವನು ಕೈಗವಸನ್ನು ಮಡಚಿ ಒಲೆಯ ಪಕ್ಕಕ್ಕಿಟ್ಟ. ಅವನಿಗೂ ಗೊತ್ತಿರಲಿಲ್ಲ ನೋಡಿ. ಮಗ್ಗುಲಲ್ಲಿ ಮೂವತ್ತಮೂರು ವರ್ಷ ಮಲಗಿದವನಿಗೆ.

ಮರುದಿನ ನಾನೇ ಕುಣಿಕೆ ಏರಿಸಿದೆ. ಯಾರ ಹಂಗೂ ಬೇಡ ಎಂದು ಹಲ್ಲು ಕಚ್ಚಿ ಏರಿಸಿದೆ. ಹೆಬ್ಬೆರಳಿಗೆ ನೂಲು ಸುತ್ತು, ಕಡ್ಡಿ ತೂರಿಸು, ಎಳೆ. ಎಳೆಯಬೇಡ ಎಂದು ಮನಸ್ಸು ಹೇಳುತ್ತಿತ್ತು, ಕೈ ಕೇಳಬೇಕಲ್ಲ. ಒಂದೊಂದು ಕುಣಿಕೆಗೂ ಆ ಕಿಟಕಿ ಕಣ್ಣಿಗೆ ಬರುತ್ತಿತ್ತು, ಕೈ ಇನ್ನಷ್ಟು ಬಿಗಿಯುತ್ತಿತ್ತು. ಎರಡೇ ದಿನದಲ್ಲಿ ಜೊತೆ ಮುಗಿಯಿತು. ಗಿಡಿಯನ್ ಬೆರಳುಗಳನ್ನೆಲ್ಲ ಕೂಡಿಸಿಕೊಂಡು, ಎಡಗೈಯಿಂದ ಎಳೆದೆಳೆದು ಬಲಗೈಯನ್ನು ಒಳಗೆ ತೂರಿಸಿದ.

"ಬಾಯಿ ಸ್ವಲ್ಪ ಬಿಗಿ ಅಲ್ವೇನೇ?"

"ಹೊಸದಲ್ವಾ. ನೀರು ಕುಡಿದ್ರೆ ಸಡಿಲ ಆಗುತ್ತೆ."

ಉಪ್ಪುನೀರು ಕುಡಿದ ಉಣ್ಣೆ ಸಡಿಲವಾಗುವುದಿಲ್ಲ, ಇನ್ನೂ ಬಿಗಿಯುತ್ತದೆ. ಇದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು. ಗಿಡಿಯನ್‌ಗೂ ಗೊತ್ತಿತ್ತು. ಗೊತ್ತಿದ್ದೂ ನಾನು ಹೇಳಿದೆ, ಗೊತ್ತಿದ್ದೂ ಅವನು ತಲೆಯಾಡಿಸಿದ. ಆ ದಿನಗಳಲ್ಲಿ ನನ್ನೊಡನೆ ವಾದಕ್ಕಿಳಿಯುವುದಕ್ಕಿಂತ ಸಮುದ್ರಕ್ಕೆ ಹೋಗುವುದು ಹಗುರ ಎನಿಸಿರಬೇಕು.

ಶುಕ್ರವಾರ ಹನ್ನೊಂದು ಗಂಟೆಗೆ, ಗಿಡಿಯನ್ ಸೈಲಸ್ ಜೊತೆ ಹೋದ ದೋಣಿ ಬೇಗನೆ ಮರಳುತ್ತಿರುವುದು ಕಂಡಿತು. ಬೇಗ ಮರಳುವ ದೋಣಿಯನ್ನು ನೋಡಿದರೆ ಈ ತೀರದ ಹೆಂಗಸರು ಕೈಯಲ್ಲಿದ್ದುದನ್ನು ಕೆಳಗಿಡುತ್ತಾರೆ. ನಾನು ಕಟ್ಟೆಗೆ ಓಡಿದೆ. ಸೈಲಸ್ ದೋಣಿ ನಡೆಸುತ್ತಿದ್ದ, ಗಿಡಿಯನ್ ತಳದಲ್ಲಿ ಕೂತಿದ್ದ, ಬಲಗೈಯನ್ನು ಎದೆಗೆ ಅವಚಿಕೊಂಡು. ಕೊಕ್ಕೆ ಕೈಗವಸಿಗೆ ಬಿದ್ದಿತ್ತು. ಹಗ್ಗ ಓಡುತ್ತಿತ್ತು. ಗಿಡಿಯನ್ ಕೈ ಕೊಡವಿದ್ದಾನೆ, ಕೈಗವಸು ಬಿಟ್ಟಿಲ್ಲ. ಹಗ್ಗ ಅವನನ್ನು ದೋಣಿಯ ಅಂಚಿಗೆ ಎಳೆದು, ಕೈಯನ್ನು ಮರಕ್ಕೆ ಅಪ್ಪಳಿಸಿ, ಮೊಣಕೈವರೆಗೆ ನೀರಿಗೆ ಎಳೆದಿತ್ತು. ಸೈಲಸ್ ಮೀನು ಸೀಳುವ ಚೂರಿಯಿಂದ ಹಗ್ಗ ಕತ್ತರಿಸಿದ್ದ. ಇನ್ನೊಂದು ಉಸಿರು ತಡವಾಗಿದ್ದರೆ ಕೈ ಹಗ್ಗದ ಜೊತೆಗೇ ಹೋಗುತ್ತಿತ್ತು.

ಕ್ಲಿನಿಕ್ಕಿನಲ್ಲಿ ಲೋರ್ನಾ ಕೈಗವಸು ತೆಗೆಯಲು ನೋಡಿದಳು. ಬರಲಿಲ್ಲ. ಊದಿದ ಕೈ, ಬಿಗಿದ ಉಣ್ಣೆ. ಗಿಡಿಯನ್ ತುಟಿ ಕಚ್ಚಿದ. ಅವಳು ಕತ್ತರಿ ತಂದು ಅಂಚಿಗೆ ಹಾಕಿದಳು. ಕತ್ತರಿಗೂ ಆ ಅಂಚು ಸುಲಭವಾಗಿ ಸಿಗಲಿಲ್ಲ, ಎರಡು ಸಲ ಜಾರಿತು. ಎರಡು ಬೆರಳಿನ ಮೂಳೆ ಮುರಿದಿತ್ತು, ಹೆಬ್ಬೆರಳ ಬುಡ ಸೀಳಿತ್ತು. ಅವಳು ತೊಳೆದು, ಹೊಲಿದು, ಕಟ್ಟು ಹಾಕಿದಳು. ನಾನು ಅಷ್ಟು ಹೊತ್ತೂ ಅವಳ ಕೈಗಳನ್ನೇ ನೋಡುತ್ತಿದ್ದೆ. ಒಳ್ಳೆಯ ಕೈಗಳು, ದೇವರಾಣೆ. ಅದಕ್ಕೂ ನನಗೆ ಹೊಟ್ಟೆಯುರಿ.

ಗಿಡಿಯನ್‌ಗೆ ನಿದ್ದೆಯ ಔಷಧಿ ಕೊಟ್ಟ ಮೇಲೆ ಅವಳು ಕತ್ತರಿಸಿದ ಕೈಗವಸನ್ನು ನನ್ನ ಕೈಗೆ ಕೊಟ್ಟಳು.

"ಇದು ಫೀನಾ ಅತ್ತೆ ಏರ್ಸಿದ್ದಲ್ಲ, ಅಲ್ವಾ?"

"ನಿಂಗೆ ಹೇಗ್ ಗೊತ್ತು?"

"ಅವ್ರು ಏರ್ಸಿದ್ದಾಗಿದ್ರೆ ಇದು ಸಮುದ್ರದಲ್ಲಿರ್ತಿತ್ತು."

ನಾನು ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಅಂದ್ರೆ ಹೇಳಿದಾಳೆ ನಿಂಗೆ. ನಂಗೆ ಏರ್ಸೋಕೆ ಬರಲ್ಲ ಅಂತ."

"ಇಲ್ಲ ಅತ್ತೆ. ಅವತ್ತು ದಾರೀಲಿ ನಾನೇ ಡಬ್ಬಿ ತೆಗ್ದು ನೋಡ್ದೆ. ತಪ್ಪಾಯ್ತು. ಅವ್ರ ಕೈ ಅಂತ ಗುರುತು ಸಿಕ್ತು. ಮಿಕ್ಕಿದ್ದು ತಾನಾಗೇ ತಿಳೀತು. ನಾನ್ಯಾರ್ಗೂ ಹೇಳಿಲ್ಲ."

"ಅದು ಅವಳ ಕೈಯಲ್ಲ. ನೀನ್ ಏರ್ಸಿದ್ದು. ಒಂದ್ ದೊಡ್ದು, ಒಂದ್ ಚಿಕ್ದು."

ಲೋರ್ನಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನನಗೆ ಸುಖವಾಗುತ್ತಿತ್ತು.

"ನೂರಾಮೂರು ಜ್ವರ ಇತ್ತು ಅವ್ರಿಗೆ. ಮಲ್ಕೊಳ್ಳಿ ಅಂದ್ರೆ ಕೇಳ್ಲಿಲ್ಲ. ದಿಂಬಿಗೆ ಒರಗ್ಕೊಂಡು ಏರಿಸ್ತಿದ್ರು, ಕೈ ನಡುಗ್ತಿತ್ತು. ಸೋಮವಾರ ತಪ್ಪಬಾರ್ದು, ಡಾರ್ಕಸ್ ಕಾಯ್ತಿರ್ತಾಳೆ ಅಂದ್ರು."

ನಲವತ್ತೈದು ವರ್ಷ ನನ್ನ ಬೆರಳ ಕೆಳಗೆ ಹಾದುಹೋದ ಕೈ ಅದು. ಲಕ್ಷ ಕುಣಿಕೆಯಾದರೂ ಇರಬೇಕು. ಒಂದು ತಿಂಗಳು ಕಲಿತ ಹುಡುಗಿಗೆ ಗುರುತು ಸಿಕ್ಕಿತು, ನನಗೆ ಸಿಗಲಿಲ್ಲ. ಜ್ವರದಲ್ಲಿ ಏರಿಸಿದ್ದನ್ನೆಲ್ಲ ಬಿಚ್ಚಿ, ಸಿಕ್ಕು ಮಾಡಿ, ಅವಳ ಅಣ್ಣನ ಕೈಯಲ್ಲೇ ವಾಪಸು ಕಳಿಸಿದ್ದೆ. ಅದನ್ನು ತೆರೆದು ನೋಡಿದಾಗ ಅವಳ ಮುಖ ಹೇಗಾಗಿರಬಹುದು ಎಂದು ಯೋಚಿಸಿದೆ. ಅವಳ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲಬೇಕೆಂದು ಶನಿವಾರ ಹೊರಟೆ, ಬೇಲಿಯಿಂದ ಹಿಂತಿರುಗಿದೆ. ಭಾನುವಾರ ಚರ್ಚಿನಲ್ಲಿ ಅವಳ ಬೆನ್ನನ್ನೇ ನೋಡುತ್ತ ಕೂತೆ. ಸೋಮವಾರ ಹಿಂಬಾಗಿಲು ತೆರೆಯಲಿಲ್ಲ. ಈ ಸಲ ನಾನು ಎರಡನೆಯ ಕಪ್ಪು ಇಡುವ ಧೈರ್ಯವನ್ನೂ ಮಾಡಿರಲಿಲ್ಲ.

ಮಂಗಳವಾರ ಸಂಜೆ ಕತ್ತರಿಸಿದ ಕೈಗವಸನ್ನು ಕೋಟಿನ ಜೇಬಿಗೆ ಹಾಕಿಕೊಂಡು ಹಾಲ್‌ಗೆ ಹೋದೆ.

ಬಾಗಿಲು ತೆರೆದ ತಕ್ಷಣ ಹನ್ನೊಂದು ತಲೆಗಳು ಎದ್ದವು. ಹುಡುಗಿಯೊಬ್ಬಳು ಕೂಗಿದಳು: "ಡಾರ್ಕಸ್ ಅತ್ತೆ ಬಂದ್ರು. ಈಗ ನೋಡ್ರೇ, ಕುಣಿಕೆ ಏರ್ಸೋದು ಅಂದ್ರೇನು ಅಂತ ತೋರಿಸ್ತಾರೆ." ಯಾರೋ ಕಡ್ಡಿ ಚಾಚಿದರು, ಯಾರೋ ಕುರ್ಚಿ ಎಳೆದರು. ಮೇಜಿನ ತುದಿಯಲ್ಲಿ ಫೀನಾ ನಿಂತಿದ್ದಳು. ಬಡವಾಗಿದ್ದಳು. ನನ್ನ ಕಡೆ ನೋಡಿದಳು, ಚಾಚಿದ ಬರಿಗಡ್ಡಿಯನ್ನು ನೋಡಿದಳು. ಆಮೇಲೆ ತನ್ನ ಕೈಯಲ್ಲಿದ್ದ, ಕುಣಿಕೆ ಏರಿಸಿ ಮುಗಿದಿದ್ದ ಕಡ್ಡಿಯನ್ನು ನನ್ನ ಕಡೆಗೆ ಚಾಚಿದಳು.

"ಅವಳಿಗ್ಯಾಕ್ರೇ ಅದೆಲ್ಲ," ಎಂದಳು ಹುಡುಗಿಯರಿಗೆ. "ಡಾರ್ಕಸ್ ಮೈ ಹೆಣಿಯೋದು ತೋರಿಸ್ತಾಳೆ. ಏರ್ಸೋದೆಲ್ಲ ನನ್ನಂಥ ನಿಧಾನಿಗಳ ಕೆಲ್ಸ."

ಅಷ್ಟೆಲ್ಲ ಆದ ಮೇಲೂ ಅವಳು ನನ್ನ ಗುಟ್ಟು ಮುಚ್ಚಿಟ್ಟಳು. ಅಷ್ಟು ಸಲೀಸಾಗಿ, ರೂಢಿಯಾಗಿ ಹೋದ ಹಾಗೆ. ನನಗೆ ಅದನ್ನು ತಡೆಯಲಾಗಲಿಲ್ಲ.

"ನಂಗೆ ಏರ್ಸೋಕೆ ಬರಲ್ಲ," ಎಂದೆ.

ಎಲ್ಲರೂ ನಕ್ಕರು. ನಾನು ಕೈಗವಸನ್ನು ಮೇಜಿನ ಮೇಲಿಟ್ಟೆ. ಸೀಳಿದ ಅಂಚು, ಅದರ ಮೇಲೆ ಒಣಗಿದ ಕಲೆ. ನಗು ನಿಂತಿತು.

"ಇದು ನಾನ್ ಏರ್ಸಿದ್ದು. ಇದ್ರಿಂದ ಗಿಡಿಯನ್ ಕೈ ಹೋಗ್ತಿತ್ತು. ಇದಕ್ಕೆ ಮುಂಚೆ ನಾನ್ ಹೆಣ್ದಿದ್ದಕ್ಕೆಲ್ಲ ಏರ್ಸಿದ್ದು ಇವಳು. ಹನ್ನೊಂದನೇ ವಯಸ್ಸಿಂದ. ಆ ರಿಬ್ಬನ್ನು ಬಂದಿದ್ದೆಲ್ಲ ಅಂಚಿಗೆ. ಅಂಚು ಇವಳದು."

ಫೀನಾಳ ಮುಖದಲ್ಲಿ ಸಂತೋಷ ಕಾಣಲಿಲ್ಲ. ಏನೋ ಕಳೆದುಕೊಂಡವಳ ಹಾಗೆ ನಿಂತಿದ್ದಳು.

"ನಂಗ್ಯಾಕೆ ರಿಬ್ಬನ್ನು," ಎಂದಳು ಕೊನೆಗೆ. "ನಮ್ಮನೆ ಕನ್ನಡೀನೇ ಒಡ್ದಿದೆ." ಆಮೇಲೆ ಹುಡುಗಿಯರ ಕಡೆ ತಿರುಗಿದಳು. "ಬಾಯಿ ತೆರ್ಕೊಂಡು ಯಾಕ್ ಕೂತ್ರಿ? ಎಣಿಕೆ ತಪ್ಪಲ್ವಾ? ಡಾರ್ಕಸ್, ಆ ಕುರ್ಚೀಲಿ ಕೂತ್ಕೋ."

ಕೂತೆ. ಅವಳು ನನ್ನ ಹಿಂದೆ ಬಂದು ನಿಂತಳು. ತೋಳುಗಳು ನನ್ನ ಎರಡೂ ಕಡೆಯಿಂದ ಬಂದವು, ಕೈ ನನ್ನ ಕೈ ಮೇಲೆ ಕೂತಿತು. ಬೆಚ್ಚಗಿತ್ತು, ಒರಟಾಗಿತ್ತು. ಅವಳು ನನಗೆ ಕಡ್ಡಿ ಕೊಟ್ಟಳು. ಒಂದಲ್ಲ, ಎರಡು, ಜೋಡಿಸಿ.

"ಎರಡನ್ನೂ ಒಂದೇ ಅಂತ ಹಿಡ್ಕೋ. ನಿನ್ ಕೈ ಎಷ್ಟ್ ಬೇಕಾದ್ರೂ ಎಳೀಲಿ. ಎರಡರ ಮೇಲೂ ಏರ್ಸು."

ಏರಿಸಿದೆ. ಹತ್ತು ಕುಣಿಕೆ. ಅವಳು ಎರಡರಲ್ಲಿ ಒಂದು ಕಡ್ಡಿಯನ್ನು ಹಿಡಿದು ಹೊರಗೆಳೆದಳು. ಉಳಿದ ಕಡ್ಡಿಯ ಮೇಲೆ ಹತ್ತೂ ಕುಣಿಕೆಗಳು ಆರಾಮಾಗಿ, ಸಡಿಲವಾಗಿ ಕೂತಿದ್ದವು.

"ಇಷ್ಟೇನಾ?" ಎಂದೆ ಮೆಲ್ಲಗೆ.

"ಇಷ್ಟೇ."

"ಇವ್ರಿಗೆಲ್ಲ ಮೊದಲ್ನೇ ದಿನಾನೇ ಹೇಳ್ಕೊಟ್ಯಾ?"

"ಬಿಗಿ ಕೈಯೋರಿಗೆಲ್ಲ ಹೇಳ್ಕೊಟ್ಟೆ."

"ಒಂದ್ ನಿಮಿಷದ ಕೆಲ್ಸ ಫೀನಾ. ನಲವತ್ತೈದು ವರ್ಷ ಯಾಕೇ ಹೇಳ್ಲಿಲ್ಲ ನಂಗೆ?"

ಅವಳ ಉಸಿರು ನನ್ನ ಕಿವಿಯ ಹತ್ತಿರವೇ ಇತ್ತು.

"ಹೇಳ್ಕೊಟ್ಟಿದ್ರೆ," ಎಂದಳು, ಬೇರೆ ಯಾರಿಗೂ ಕೇಳಿಸದ ಹಾಗೆ, "ನಿನ್ನಂಥೋಳಿಗೆ ನನ್ನಂಥೋಳ ಹತ್ರ ಏನ್ ಕೆಲ್ಸ ಇರ್ತಿತ್ತೇ ಡಾರ್ಕಸ್?"

ಇಲ್ಲ ಕಣೇ, ಹಾಗೇನಿಲ್ಲ, ಆಗಲೂ ಬಾಗಿಲು ತೆರೆದೇ ಇರುತ್ತಿತ್ತು ಎಂದು ಹೇಳಬೇಕಿತ್ತು. ಬಾಯಿಗೆ ಬಂತು, ನಾಲಿಗೆ ದಾಟಲಿಲ್ಲ. ಆ ಹಾಲ್‌ನಲ್ಲೇ ಅವಳನ್ನು ನಗೆಪಾಟಲು ಮಾಡಿದವಳು ನಾನು. ನಿಜವಾಗಿಯೂ ತೆರೆದಿರುತ್ತಿತ್ತೇ ಎಂದು ನನಗೇ ಖಾತ್ರಿ ಇರಲಿಲ್ಲ. ಅವಳು ಕಾಯಲಿಲ್ಲ. ನನ್ನ ಕೈಗಳನ್ನು ಒಂದು ಸಲ ಒತ್ತಿ ಬಿಟ್ಟಳು.

"ಈಗ ನೀನೇ ಮಾಡು. ನಲವತ್ತೆಂಟು," ಎಂದು ಮೇಜಿನ ಆ ತುದಿಗೆ ಹೋದಳು, ಲೋರ್ನಾಳ ಹತ್ತಿರ.

ನಾನು ಮೊದಲಿನಿಂದ ಶುರುಮಾಡಿದೆ. ಎರಡು ಕಡ್ಡಿ, ಒಂದೇ ಎಂಬಂತೆ. ಹನ್ನೆರಡಕ್ಕೆ ತಪ್ಪಿತು, ಬಿಚ್ಚಿದೆ. ಮೂವತ್ತಕ್ಕೆ ನೂಲಿನ ತುದಿ ಸಾಲದೆ ಬಂತು, ಬಿಚ್ಚಿದೆ. ಮೂರನೆಯ ಸಲ ನೂಲು ಉದ್ದ ಬಿಟ್ಟುಕೊಂಡು ನಲವತ್ತೆಂಟೂ ಏರಿಸಿದೆ. ಒಂದು ಕಡ್ಡಿಯನ್ನು ಹೊರಗೆಳೆದೆ. ಅಂಚನ್ನು ಎಳೆದು ನೋಡಿದೆ, ಹಿಗ್ಗಿತು. ಬಿಟ್ಟೆ, ತನ್ನಷ್ಟಕ್ಕೆ ಕೂಡಿಕೊಂಡಿತು. ನನ್ನ ಜನ್ಮದಲ್ಲಿ ನಾನೇ ಏರಿಸಿದ ಮೊದಲ ಒಳ್ಳೆಯ ಅಂಚು. ಐವತ್ತಾರು ವರ್ಷದ ಹೆಂಗಸಿಗೆ ಅಷ್ಟು ಸಂತೋಷ ಆಗಬಾರದು.

ಫೀನಾ ಆ ತುದಿಯಿಂದ ತಲೆಯೆತ್ತಿದಳು. ಅವಳ ಕೈ ಲೋರ್ನಾಳ ಭುಜದ ಮೇಲಿತ್ತು.

"ಬಂತೇನೇ ಡಾರ್ಕಸ್?"

ನಾನು ಕಡ್ಡಿಯನ್ನು ಮೇಜಿನ ಕೆಳಗೆ ಇಳಿಸಿ, ನೂಲು ಹಿಡಿದೆಳೆದು ನಲವತ್ತೆಂಟನ್ನೂ ಬಿಚ್ಚಿದೆ.

"ಇಲ್ಲ ಕಣೇ," ಎಂದೆ. "ಬಾ ಇಲ್ಲಿ, ಇನ್ನೊಂದ್ ಸಲ ತೋರ್ಸು."